ಕಸಾಟಾ ಎಂದರೆ ಬಟ್ಟಲು

ಮಾರ್ಚ್ ತಿಂಗಳ ಕೊನೆಯ ಭಾನುವಾರ, ಮಧ್ಯಾಹ್ನ ನಾಲ್ಕು ಗಂಟೆ. ಸ್ಥಳ, ಇಂದಿರಾನಗರದ ಒಂದು ಐಸ್ ಕ್ರೀಮ್ ಅಂಗಡಿ, ಕಿಟಕಿ ಪಕ್ಕದ ಮೇಜು. ಹಾಜರಿದ್ದವರು ನಾನು ಮತ್ತು ಲಿಂಗರಾಜಪುರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿರುವ ಭಾಗ್ಯಶ್ರೀ. ನಾನು ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. ದಿನ, ಹೊತ್ತು, ಎದುರಿಗಿದ್ದವರು, ಇಷ್ಟನ್ನು ಮೊದಲು ಬರೆದುಕೊಳ್ಳದೆ ನನ್ನ ಕೈ ಮುಂದಕ್ಕೆ ಓಡುವುದಿಲ್ಲ. ಭಾಗ್ಯಶ್ರೀ ರಾಯಚೂರಿನ ಹುಡುಗಿ. ಗರುಡಾಚಾರ್‌ಪಾಳ್ಯದ ಆಫೀಸಿನಲ್ಲಿ ಅವಳ ಕೆಲಸ ಆ ವಾರ ಕಾಯಂ ಆಗಿತ್ತು. "ಇವತ್ತ ನಾ ಕೊಡಸ್ತೀನ್ರಿ ಅಜ್ಜಿ, ನೀವು ಒಲ್ಲೆ ಅನ್ನಂಗಿಲ್ಲ" ಎಂದು ಬೆಳಿಗ್ಗೆಯೇ ಅಪ್ಪಣೆ ಮಾಡಿದ್ದಳು. ಚಿತ್ರಗಳಿದ್ದ ಹಲಗೆಯ ಮೇಲೆ ಬೆರಳಾಡಿಸಿ ಕಸಾಟಾ ಹೇಳಿದಳು. ಹುಡುಗ ತಂದಿಟ್ಟ ತುಂಡು ಅರ್ಧಚಂದ್ರನ ಆಕಾರದಲ್ಲಿತ್ತು; ಹಸಿರು, ಗುಲಾಬಿ, ಬಿಳಿಯ ಪದರಗಳು, ಅಂಚಿಗೆ ಗೋಡಂಬಿ ಚೂರು, ತಳಕ್ಕೆ ಕೇಕಿನ ಪಟ್ಟಿ. ಬೆಳ್ಳಿಯ ಕಾಗದ ಬಿಡಿಸಿದೊಡನೆ ತಣ್ಣನೆಯ ಪನ್ನೀರಿನ ವಾಸನೆ ಮುಖಕ್ಕೆ ಬಂತು. ಅದರ ಹಿಂದೆಯೇ, ಆ ಮೇಜಿನ ಮೇಲೆ ಎಲ್ಲಿಯೂ ಇರದ, ಒದ್ದೆ ಗೋಣಿಚೀಲದ ವಾಸನೆಯೂ ಬಂತು.

ಭಾಗ್ಯಶ್ರೀ ಚಮಚ ಎತ್ತಿದವಳು ತಡೆದು, "ತಮ್ಮಾ, ಕಸಾಟಾ ಅಂದ್ರ ಏನಪಾ ಅರ್ಥ?" ಎಂದು ಹುಡುಗನನ್ನು ಕೇಳಿದಳು. ಅವನು ತಲೆ ಕೆರೆದುಕೊಂಡು, "ಕಸಾಟಾ ಅಂದ್ರೆ ಕಸಾಟಾನೇ ಮೇಡಂ. ಇಟಲಿ ಹೆಸ್ರು. ಅರ್ಥ ಗಿರ್ಥ ಕೇಳಿದ್ರೆ ಓನರ್‌ಗೂ ಗೊತ್ತಿರಲ್ಲ" ಎಂದು ನಗುತ್ತ ಹೋದ. "ಬಟ್ಟಲು" ಎಂದೆ ನಾನು. ಅವಳು ತಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಬಟ್ಟಲದಾಗ ಎಲ್ಲಿ ಕೊಟ್ಟಾರ್ರಿ? ತಾಟಿನ್ಯಾಗ ಕೊಟ್ಟಾರ." ಅವಳಿಗೆ ಅಂದು ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಹೇಳುವಾಗ ಐಸ್ ಕ್ರೀಮ್ ಕರಗುತ್ತದೆಂಬ ಅವಸರವಿತ್ತು. ಈಗ ಇಲ್ಲ.

ನಾವು ಆಗ ಕುಕ್ ಟೌನಿನಲ್ಲಿ ಇದ್ದೆವು. ಹೆಂಚಿನ ಮಾಡು, ಮರದ ಜಾಲಂಧ್ರದ ವರಾಂಡ, ಕಾಂಪೌಂಡಿನ ಮೂಲೆಯಲ್ಲಿ ನೇರಳೆ ಮರ ಇದ್ದ ಹಳೆಯ ಬಂಗಲೆ ಅದು. ಮಾಲೀಕರು ಅದನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮನೆ ಮಾಡಿ ರೈಲ್ವೆಯವರಿಗೆ ಬಾಡಿಗೆಗೆ ಕೊಟ್ಟಿದ್ದರು. ಮುಂದಿನ ಭಾಗದಲ್ಲಿ ರೈಲ್ವೆ ಕಚೇರಿಯಲ್ಲಿದ್ದ ನನ್ನ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು. ಹಿಂದಿನ ಭಾಗದಲ್ಲಿ ಗಾರ್ಡ್ ಕೆಲಸದವರ ಹೆಂಡತಿ ಜುಬೇದಾ ಖಾಲಾ. ಅವರ ಗಂಡ ವಾರದಲ್ಲಿ ಹೆಚ್ಚು ದಿನ ರೈಲಿನಲ್ಲೇ ಇರುತ್ತಿದ್ದರು; ಮಕ್ಕಳಿರಲಿಲ್ಲ. ಅಮ್ಮ ಅವರನ್ನು ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದಳು, ನಾನು ಖಾಲಾ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಬಟ್ಟೆ ಒಣಹಾಕುವ ತಂತಿಯ ಎರಡು ಬದಿಯಲ್ಲಿ ನಿಂತು ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅಜ್ಜಿಗೂ ಖಾಲಾ ಮೇಲೆ ವಿಶ್ವಾಸವಿತ್ತು. ಆದರೆ ಅಜ್ಜಿಯ ವಿಶ್ವಾಸ ಹಿತ್ತಿಲ ಬಾಗಿಲ ಹೊರಗಿದ್ದ ಒಗೆಯುವ ಕಲ್ಲಿನವರೆಗೆ ಮಾತ್ರ. ಹೊರಗಿನಿಂದ ಯಾವ ಪಾತ್ರೆ ಬಂದರೂ, ಖಾಲಾ ಮನೆಯದಿರಲಿ, ಸ್ವಂತ ತಮ್ಮನ ಮನೆಯದಿರಲಿ, ಅದು ಆ ಕಲ್ಲಿನ ಮೇಲೆ ಇಳಿಯಬೇಕು. ಅಜ್ಜಿ ಹಂಡೆಯಿಂದ ಕುದಿನೀರು ತಂದು ಚೊಂಬಿನಲ್ಲಿ ಸುತ್ತಲೂ ಸುರಿಯಬೇಕು. ಆಮೇಲೆ ಅದು ಒಳಗೆ. ರಂಜಾನ್ ಹಬ್ಬಕ್ಕೆ ಖಾಲಾ ನಮಗೆ ಹಬ್ಬದ ಶಾವಿಗೆ ಪಾಯಸವಾದ ಸುರಕುಂಬಾ ಮಾಡಿ ಕಳಿಸುತ್ತಿರಲಿಲ್ಲ. ಶಾವಿಗೆ, ಸಕ್ಕರೆ, ಖರ್ಜೂರ, ದ್ರಾಕ್ಷಿಯನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ಕಳಿಸುತ್ತಿದ್ದರು. ಅಜ್ಜಿ ಅದರಲ್ಲಿ ನಮ್ಮ ಒಲೆಯ ಮೇಲೆ ಪಾಯಸ ಮಾಡಿ, ಒಂದು ಪಾತ್ರೆ ಅವರಿಗೂ ಕೊಡುತ್ತಿದ್ದಳು. ಅದರಲ್ಲಿ ಯಾರಿಗೂ ಬೇಸರವಿದ್ದಂತೆ ನನಗೆ ಕಾಣಲಿಲ್ಲ. ಬೇಸರವಿದ್ದರೂ ಎಂಟು ವರ್ಷದವಳಿಗೆ ಕಾಣುವಂತೆ ಯಾರೂ ಇಟ್ಟುಕೊಂಡಿರಲಿಲ್ಲ.

ಆ ಬೇಸಿಗೆಯಲ್ಲಿ ಅಮ್ಮನಿಗೆ ಗಂಡು ಮಗು ಹುಟ್ಟಿತು, ನಾಲ್ಕು ದಿನ ಇದ್ದು ಹೋಯಿತು. ನಾನು ಅದನ್ನು ಒಮ್ಮೆ ಮಾತ್ರ ನೋಡಿದ್ದೆ. ಮುಷ್ಟಿ ಬಿಗಿದು ಮಲಗಿತ್ತು. ಮಗು ಹೋದರೂ ಬಾಣಂತನ ಹೋಗಲಿಲ್ಲ. "ಬಾಣಂತಿ ಮೈ ಹಸೀದು. ಮಗು ಇದ್ಯೋ ಇಲ್ವೋ ಅಂತ ಮೈಗೆ ಗೊತ್ತಾಗತ್ತಾ?" ಎಂದು ಅಜ್ಜಿ ಒಂದು ನಿಯಮವನ್ನೂ ಬಿಡದೆ ನಡೆಸಿದಳು. ಬೆಳಗಿನ ಜಾವ ಹಂಡೆಯ ಕೆಳಗೆ ಸೌದೆ ಉರಿಯುತ್ತಿತ್ತು. ಎಣ್ಣೆ, ಸುಡುನೀರಿನ ಸ್ನಾನ, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ, ಮಂಚದ ಕೆಳಗೆ ಕೆಂಡ. ಊಟಕ್ಕೆ ಮೆಣಸಿನ ಸಾರು, ತುಪ್ಪ, ಲೇಹ್ಯ. ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ತೊಟ್ಟಿಲೊಂದನ್ನು ಬಿಟ್ಟು ಬಾಣಂತನದ ಎಲ್ಲವೂ ಇತ್ತು. ಅಮ್ಮ ಎಲ್ಲಕ್ಕೂ ಮೈಯೊಡ್ಡುತ್ತಿದ್ದಳು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಅಳಲಿಲ್ಲ, ಮಾತಾಡಲಿಲ್ಲ, ಉಣ್ಣಲಿಲ್ಲ. ಅಜ್ಜಿ ತುತ್ತು ಕಲಸಿ ತುಟಿಯವರೆಗೆ ಒಯ್ದರೆ ಮುಖ ಗೋಡೆಗೆ ತಿರುಗುತ್ತಿತ್ತು. ಮಣಿಕಟ್ಟಿನ ಬಳೆಗಳು ಮೊಣಕೈಯವರೆಗೆ ಜಾರತೊಡಗಿದವು. ಮನೆಗೆ ಬಂದ ಡಾಕ್ಟರು ವರಾಂಡದಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಅಪ್ಪನಿಗೆ, "ಔಷಧಿ ನಾನು ಕೊಡಬಹುದು. ಊಟ ಅವರೇ ಮಾಡಬೇಕು. ಹೀಗೇ ಬಿಟ್ರೆ ಉಳಿಯಲ್ಲ" ಎಂದದ್ದು ನನಗೆ ಕೇಳಿಸಿತು. ಉಳಿಯುವುದಿಲ್ಲ ಎಂದರೆ ಏನೆಂದು ಆ ಹೊತ್ತಿಗೆ ನನಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಅಜ್ಜಿ ಕಣ್ಣು ಮುಚ್ಚಿದ್ದಾಗ ಖಾಲಾ ಹಿಂದಿನ ಕಿಟಕಿಯ ಬಾಗಿಲನ್ನು ಮೆಲ್ಲಗೆ ತಳ್ಳಿ, "ಏನ್ ತಿಂತೀಯಾ ಬೇಟಾ? ಬಾಯ್ಬಿಟ್ಟು ಹೇಳು. ಚಂದ್ರನ್ನ ಕೇಳಿದ್ರೂ ತರ್ತೀನಿ" ಎಂದರು. ಅಮ್ಮ ಗೋಡೆಯಿಂದ ಮುಖ ತಿರುಗಿಸಿ, "ತಣ್ಣಗೆ ಏನಾದ್ರೂ ಬೇಕು ಆಪಾ. ಮೈಯೆಲ್ಲಾ ಉರೀತಾ ಇದೆ" ಎಂದಳು. ಮಗು ಹೋದ ಮೇಲೆ ನಾನು ಕೇಳಿದ ಅವಳ ಮೊದಲ ಮಾತು ಅದು. ಸಂಜೆ ಖಾಲಾ ಒಗೆಯುವ ಕಲ್ಲಿನ ಆಚೆ ನಿಂತು, ಅಮ್ಮನಿಗೆ ಕಸಾಟಾ ಮಾಡಿಕೊಡುತ್ತೇನೆಂದು ಅಜ್ಜಿಯೊಡನೆ ವಾದಕ್ಕಿಳಿದರು.

"ಐಸಾ? ಬಾಣಂತಿಗಾ? ನಿನಗೆ ತಲೆ ನೆಟ್ಟಗಿದ್ಯಾ ಜುಬೇದಾ?"

"ದೊಡ್ಡಮ್ಮಾವ್ರೆ, ಇಷ್ಟು ದಿನ ಬಿಸಿ ಕೊಟ್ಟು ನೋಡಿದ್ರಿ, ತಿನ್ನಲಿಲ್ಲ. ಒಂದ್ಸಲ ತಣ್ಣಗೆ ಕೊಟ್ಟು ನೋಡೋಣ. ಶೀತ ಆದ್ರೆ ನಿಮ್ಮ ಕಷಾಯ ಎಲ್ಲಿ ಓಡೋಗತ್ತೆ?"

"ಅದರಲ್ಲಿ ಮೊಟ್ಟೆ ಗಿಟ್ಟೆ?"

"ಮೊಟ್ಟೆ ವಾಸನೇನೂ ಇರಲ್ಲ. ನಮ್ಮ ಅಬ್ಬಾ ಆಣೆ."

"ನಿಮ್ಮಪ್ಪ ಸತ್ತು ಎಷ್ಟು ಕಾಲ ಆಯ್ತೇ!"

"ಸತ್ತೋರ ಮೇಲೆ ಯಾರಾದ್ರೂ ಸುಳ್ಳಾಣೆ ಹಾಕ್ತಾರಾ?"

ಮರುದಿನ ಬೆಳಿಗ್ಗೆ ಅಜ್ಜಿ ಸ್ನಾನ ಮುಗಿಸಿ, ಹಾಲಿನವನು ಕರೆದುಕೊಟ್ಟ ಹಾಲನ್ನು ಇಡಿಯಾಗಿ ಕಲ್ಲಿನ ಮೇಲೆ ಇಟ್ಟಳು. ಪಕ್ಕದಲ್ಲಿ ಸಕ್ಕರೆ, ಬಾದಾಮಿ, ಪಿಸ್ತಾ, ಕೇಸರಿ. ಎಲ್ಲವೂ ನಮ್ಮ ಮನೆಯದೇ. ಖಾಲಾ ಹಾಕಬೇಕಾದದ್ದು ಕೈಕೆಲಸ ಮತ್ತು ಬಟ್ಟಲು. ಅಪ್ಪ ಕಚೇರಿಗೆ ರಜೆ ಹಾಕಿ, ಶಿವಾಜಿನಗರದಿಂದ ಮರದ ಹೊಟ್ಟಿನಲ್ಲಿ ಹೂತ ಐಸ್ ಗಡ್ಡೆಯನ್ನು ಜಟಕಾದಲ್ಲಿ ತಂದರು. ಅಮ್ಮನ ವಿಷಯದಲ್ಲಿ ಮಾತು ಸೋತಿದ್ದ ಅವರಿಗೆ ಮಾಡಲು ಒಂದು ಕೆಲಸ ಸಿಕ್ಕಿತ್ತು. ಇಡೀ ದಿನ ಗೋಡೆಯ ಆಚೆಯಿಂದ ಐಸು ಕುಟ್ಟುವ ಸದ್ದು ಕೇಳುತ್ತಿತ್ತು. ಅಮ್ಮ ಅತ್ತ ಕಿವಿಗೊಟ್ಟಿದ್ದಾಳೆಂದು ನನಗೆ ಅನ್ನಿಸಿತು. ಹತ್ತಿ ತುರುಕಿದ ಕಿವಿ, ಆದರೂ ತಲೆ ಗೋಡೆಯ ಕಡೆಗೆ ವಾಲಿತ್ತು.

ಮರುದಿನ ಮಧ್ಯಾಹ್ನ ಖಾಲಾ ಬಟ್ಟಲನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿ ತಂದರು. ಕಲ್ಲಿನ ಮೇಲೆ ಇಳಿಸಿ ಗೋಣಿ ಬಿಚ್ಚಿದರು. ಕಲಾಯಿ ಹಾಕಿದ ಅಗಲವಾದ ತಾಮ್ರದ ಬಟ್ಟಲು. ಮುಚ್ಚಳದ ಅಂಚಿಗೆ ಐಸಿನ ಉಪ್ಪುನೀರು ನುಗ್ಗದಂತೆ ಗೋಧಿ ಹಿಟ್ಟು ಮೆತ್ತಿತ್ತು. ಅದನ್ನು ಅಲ್ಲೇ ಬಿಟ್ಟು, ಅಮ್ಮನಿಗೆ ಸುದ್ದಿ ಮುಟ್ಟಿಸಲು ನನ್ನ ಕೈ ಹಿಡಿದು ಮುಂದಿನ ಬಾಗಿಲಿಂದ ಕೋಣೆಗೆ ಬಂದರು. "ಏಳು ಬೇಟಾ, ಬಂತು, ಬಂತು! ಮೇಲೆ ಹಸ್ರು, ಕೆಳಗೆ ಗುಲಾಬಿ, ಒಳಗೆ..." ಎನ್ನುತ್ತಿದ್ದವರು ತಟ್ಟನೆ ನಿಂತರು. ಹಿತ್ತಿಲಿನಿಂದ ಸುರ್ ಎಂದು ಸದ್ದು ಬಂತು. ಇನ್ನೊಮ್ಮೆ ಬಂತು. ಮತ್ತೊಮ್ಮೆ. ನಾವು ಹೊರಗಿನಿಂದ ಸುತ್ತಿ ಹಿತ್ತಿಲಿಗೆ ಓಡಿದೆವು. ಅಜ್ಜಿ ಚೊಂಬು ಹಿಡಿದು ನಿಂತಿದ್ದಳು. ಕಲ್ಲಿನಿಂದ ಹಬೆ ಏಳುತ್ತಿತ್ತು.

"ಅಯ್ಯೋ ಅಲ್ಲಾ! ಏನ್ ಮಾಡ್ಬಿಟ್ರಿ ದೊಡ್ಡಮ್ಮಾವ್ರೆ!"

"ಏನು ಮಾಡ್ದೆ? ಪಾತ್ರೆ ಬಂತು, ನೀರು ಹಾಕ್ದೆ" ಎಂದಳು ಅಜ್ಜಿ. ಹೇಳಿ ಮುಗಿಸಿದ ಮೇಲೆ ಅವಳಿಗೆ ಅರ್ಥವಾಯಿತು. ಒಂದು ಜನ್ಮದ ಅಭ್ಯಾಸ; ತಲೆ ತಡೆಯುವ ಮೊದಲೇ ಕೈ ತನ್ನ ಕೆಲಸ ಮುಗಿಸಿಬಿಟ್ಟಿತ್ತು. ಖಾಲಾ ಹಿಟ್ಟು ಕಿತ್ತು ಮುಚ್ಚಳ ಎತ್ತಿದರು. ಅಂಚೆಲ್ಲ ಕರಗಿ, ಹಸಿರು ಗುಲಾಬಿಗೆ ಇಳಿದು, ನಡುವೆ ಬಾದಾಮಿಯ ಬಿಲ್ಲೆ ದೋಣಿಯ ಹಾಗೆ ತೇಲುತ್ತಿತ್ತು. ಆಗ ಹಿಂದಿನಿಂದ ಒಂದು ಸದ್ದು ಬಂತು. ತಿರುಗಿದರೆ ಅಮ್ಮ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕೋಣೆ ಬಿಟ್ಟು ಅಷ್ಟು ದೂರ ಅವಳು ಬಂದೇ ಇರಲಿಲ್ಲ. "ಅತ್ತೆ," ಎಂದಳು, "ಅದಕ್ಕೂ ಬಾಣಂತಿ ಸ್ನಾನ ಮಾಡ್ಸಿಬಿಟ್ರಾ?"

ಎಂದವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಚೌಕಟ್ಟಿಗೆ ಒರಗಿ ನಕ್ಕಳು, ನಗುತ್ತಲೇ ಕುಸಿದು ಹೊಸ್ತಿಲ ಮೇಲೆ ಕುಳಿತಳು. ಆ ನಗು ಯಾವ ಕ್ಷಣದಲ್ಲಿ ಅಳುವಾಯಿತೆಂದು ನನಗೆ ತಿಳಿಯಲಿಲ್ಲ. ಅಷ್ಟು ದಿನ ಅಳದವಳು ಹಿತ್ತಿಲ ಬಾಗಿಲಲ್ಲಿ ಕುಳಿತು ಊರಿಗೆ ಕೇಳುವಂತೆ ಅತ್ತಳು. ಖಾಲಾ ಕಲ್ಲು ದಾಟಿ ಬಂದು ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ಅಜ್ಜಿ ಖಾಲಿ ಚೊಂಬನ್ನು ಎರಡು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಅಳು ತಗ್ಗಿದ ಮೇಲೆ ಅಮ್ಮ ಒಂದು ಲೋಟ ಕೇಳಿದಳು. ಖಾಲಾ ಬಟ್ಟಲಿನಿಂದಲೇ ಬಗ್ಗಿಸಿಕೊಟ್ಟರು. ಅಮ್ಮ ಕುಡಿದಳು. ಅಜ್ಜಿ ಬಾಯಿ ತೆರೆದದ್ದು ನೋಡಿ ಶೀತದ ಮಾತೇ ಬರುತ್ತದೆಂದುಕೊಂಡೆ. "ಇನ್ನೊಂದು ಲೋಟ ಹಾಕೇ ಅವಳಿಗೆ" ಎಂದಳು ಅಜ್ಜಿ.

ಇದಿಷ್ಟಕ್ಕೆ ಎಲ್ಲವೂ ಸರಿಹೋಯಿತೆಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ಮರುದಿನ ಅಮ್ಮ ಮತ್ತೆ ಮುಖ ತಿರುಗಿಸಿ ಮಲಗಿದಳು. ತಟ್ಟೆ ಹಾಗೇ ಹೊರಗೆ ಬಂತು. ಅಜ್ಜಿ ಆ ತಟ್ಟೆಯನ್ನು ತೊಳೆದಿಟ್ಟು, ಸೆರಗು ಕೊಡವಿ ಹೊದ್ದು, ತನ್ನ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು, "ನಡಿಯೇ" ಎಂದು ನನ್ನನ್ನೂ ಕರೆದುಕೊಂಡು ಖಾಲಾ ಮನೆಗೆ ಹೊರಟಳು. ಒಂದೇ ಸೂರಿನ ಕೆಳಗೆ ಅಷ್ಟು ವರ್ಷ ಇದ್ದು ಅವಳು ಆ ಹೊಸ್ತಿಲು ದಾಟಿದ್ದು ಅಂದೇ ಮೊದಲು. ಖಾಲಾ ಗಾಬರಿಯಿಂದ ಕುರ್ಚಿ ಎಳೆದರು. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ತನ್ನ ಮಣೆ ಹಾಕಿ ಕುಳಿತು, "ಇನ್ನೊಂದು ಸಲ ಮಾಡು. ನಾನಿಲ್ಲೇ ಇರ್ತೀನಿ" ಎಂದಳು.

ಹಾಲು ಕುದಿದು ಅರ್ಧಕ್ಕೆ ಇಳಿಯುವಷ್ಟರಲ್ಲಿ ಅಪ್ಪ ಇನ್ನೊಂದು ಐಸ್ ಗಡ್ಡೆ ತಂದುಕೊಟ್ಟರು. ಆಮೇಲೆ ಅಜ್ಜಿ, ಇದನ್ನು ಎಲ್ಲಿ ಕಲಿತೆ ಎಂದು ಕೇಳಿದಳು. ಖಾಲಾ ಐಸಿಗೆ ಉಪ್ಪು ಬೆರೆಸುತ್ತ ಹೇಳಿದರು. ದೊಡ್ಡ ಯುದ್ಧದ ಕಾಲದಲ್ಲಿ ಇಟಲಿಯ ಸೈನಿಕರನ್ನು ಸೆರೆಹಿಡಿದು ಬೆಂಗಳೂರಿನ ಶಿಬಿರಗಳಲ್ಲಿ ಇಟ್ಟಿದ್ದರು. ಖಾಲಾ ತಂದೆ ಅಲ್ಲಿಗೆ ಸಾಮಾನು ಹಾಕುತ್ತಿದ್ದರು. ಸೆರೆಯವರಲ್ಲಿ ಸಿಸಿಲಿ ದ್ವೀಪದ ಒಬ್ಬ ಮಿಠಾಯಿಗಾರನಿದ್ದ. ಊರಿನ ಹಬ್ಬ ಬಂದ ದಿನ ಅವನಿಗೆ ಕಸಾಟಾ ಮಾಡುವ ಆಸೆಯಾಯಿತು, ಬಟ್ಟಲಿರಲಿಲ್ಲ. ಖಾಲಾ ತಂದೆ ಮನೆಯಿಂದ ಇದೇ ಬಟ್ಟಲನ್ನು ಒಯ್ದು ಕೊಟ್ಟರು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಸನ್ನೆಯಲ್ಲಿ ಕೇಳಿದನಂತೆ. ಕಾಸಾ, ಎಂದರು ಇವರು. ಅವನು ನಕ್ಕು ಇವರ ಬೆನ್ನು ತಟ್ಟಿದನಂತೆ. ಹಳೆಯ ಕಾಲದಲ್ಲಿ ಅರಬರು ತಮ್ಮ ದ್ವೀಪವನ್ನು ಆಳಿದರು, ಅಗಲ ಬಟ್ಟಲಿಗೆ ಅವರಿಟ್ಟ ಹೆಸರೇ ಅದರಲ್ಲಿ ಹುಯ್ದ ಸಿಹಿಗೂ ಉಳಿಯಿತು ಎಂದು ತಮ್ಮ ಹಿರಿಯರು ಹೇಳುತ್ತಿದ್ದರೆಂದು ಅವನು ಶಿಬಿರದ ದುಭಾಷಿಯ ಮೂಲಕ ತಿಳಿಸಿದನಂತೆ. ಅಲ್ಲಿ ಅದನ್ನು ಗಿಣ್ಣಿನಂಥ ಮೆದು ಚೀಸಿನಲ್ಲಿ ಮಾಡುತ್ತಿದ್ದರು. ಐಸಿನದು ಆಮೇಲೆ ಬಂತು. ಅದನ್ನು ಮಾಡುವುದನ್ನು ತಂದೆ ಅವನಿಂದ ಕಲಿತರು, ತಂದೆಯಿಂದ ಖಾಲಾ. ನಾನು ದೊಡ್ಡವಳಾದ ಮೇಲೆ ನಿಘಂಟುಗಳಲ್ಲಿ ನೋಡಿದೆ. ಅರಬ್ಬಿಯ ಬಟ್ಟಲೆಂದು ಹಲವರು ಬರೆದಿದ್ದಾರೆ, ಲ್ಯಾಟಿನ್ನಿನ ಚೀಸ್ ಎಂದು ಕೆಲವರು. ಎರಡೂ ಇರಲಿ. ಆ ದಿನ ಆ ಅಡುಗೆಮನೆಯಲ್ಲಿ ಬಟ್ಟಲೇ ಗೆದ್ದಿತು.

ಅಜ್ಜಿ, "ಹಾಗಾದ್ರೆ ನಮ್ಮ ತಟ್ಟೆ ಇಡ್ಲಿ ಹಾಗೆ ಅನ್ನು. ತಿನ್ನೋದಕ್ಕೆ ಪಾತ್ರೆ ಹೆಸರೇ ಇಟ್ಟಿರೋದು" ಎಂದಳು. "ಹೂಂ ದೊಡ್ಡಮ್ಮಾವ್ರೆ. ಯಾರ ಪಾತ್ರೆ ಅಂತ ಹೆಸರಲ್ಲಿ ಬರಲ್ಲ" ಎಂದರು ಖಾಲಾ. ಅವರ ದನಿಯಲ್ಲಿ ಕುಟುಕು ಇತ್ತೋ ಇಲ್ಲವೋ ನಾನರಿಯೆ. ಅಜ್ಜಿ ಕೈ ಚಾಚಿ, ಸಿಪ್ಪೆ ಸುಲಿಯಲು ನೆನೆಸಿಟ್ಟಿದ್ದ ಬಾದಾಮಿಯ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಸುಲಿಯುತ್ತ ತಲೆ ಎತ್ತದೆ, "ನನಗೂ ಎರಡು ಹೋದ್ವು ಜುಬೇದಾ. ಆಗ ನಮ್ಮತ್ತೆ ನನ್ನ ಅಳೋಕೆ ಬಿಡಲಿಲ್ಲ" ಎಂದಳು. ಖಾಲಾ ಐಸು ಕುಟ್ಟುವುದನ್ನು ನಿಲ್ಲಿಸಿದರು. "ನಂಗೆ ಒಂದೇ ಒಂದು. ಅದಾದ್ಮೇಲೆ ಆಗ್ಲೇ ಇಲ್ಲ" ಎಂದರು. ಇಬ್ಬರೂ ನಾನಿರುವುದನ್ನು ಮರೆತಿದ್ದರು. ಬಾದಾಮಿ ಸಿಪ್ಪೆ ಬಿಡುವ ಚಿಟ್ ಚಿಟ್ ಸದ್ದು ಮಾತ್ರ ಆಗುತ್ತಿತ್ತು.

ಒಂದು ಪದರ ಗಟ್ಟಿಯಾಗುವವರೆಗೆ ಇನ್ನೊಂದನ್ನು ಹಾಕುವಂತಿಲ್ಲ. ಅಜ್ಜಿ ಊಟಕ್ಕೆ ಮಾತ್ರ ಎದ್ದು ಹೋಗಿ ಬರುತ್ತ ಎರಡು ದಿನ ಅಲ್ಲಿ ಕಾದಳು. ಆಗಿದೆ ಎಂದು ಖಾಲಾ ಹೇಳಿದಾಗ ತಾನೇ ಎದ್ದಳು. ಬಟ್ಟಲನ್ನು ಗೋಣಿಯಲ್ಲಿ ಸುತ್ತಿಸಿಕೊಂಡು, ಎರಡು ತೋಳಲ್ಲಿ ಎತ್ತಿಕೊಂಡು, ನೇರಳೆ ಮರದ ಕೆಳಗೆ ಹಾದು ನಮ್ಮ ಹಿತ್ತಿಲಿಗೆ ಬಂದಳು. ಕಲ್ಲಿನ ಹತ್ತಿರ ನಾನು ತಡೆದು ನಿಂತೆ. ಅವಳು ನಿಲ್ಲಲಿಲ್ಲ. ಮಡಿಸೀರೆಯ ಎದೆಯೆಲ್ಲ ಗೋಣಿಯ ನೀರಿನಿಂದ ಒದ್ದೆಯಾಗಿತ್ತು. ಹಾಗೆಯೇ ಅಡುಗೆಮನೆಯನ್ನು ದಾಟಿ, ದೇವರ ಗೂಡನ್ನು ದಾಟಿ ಅಮ್ಮನ ಕೋಣೆಗೆ ಹೋದಳು. ಬೆಳ್ಳಿ ತಟ್ಟೆಗೆ ಬಟ್ಟಲನ್ನು ಬೋರಲು ಹಾಕಿ, ಅಂಗೈಯಿಂದ ಅದರ ಬೆನ್ನನ್ನು ಉಜ್ಜಿದಳು. ಈ ಸಲ ಬಿಸಿ ಅವಳ ಅಂಗೈಯದು ಮಾತ್ರ. ಬಟ್ಟಲು ಎತ್ತಿದಾಗ ಹಸಿರು ಗುಮ್ಮಟ ಇಡಿಯಾಗಿ ನಿಂತಿತು. ಅಮ್ಮ ಅದನ್ನು ನೋಡಿದಳು, ಅತ್ತೆಯ ಒದ್ದೆ ಎದೆಯನ್ನು ನೋಡಿದಳು. ಎದ್ದು ಕುಳಿತು ತಿಂದಳು. ತಿಂದು ಮುಗಿಸಿ, "ಅತ್ತೆ, ಅನ್ನ ಇದೆಯಾ?" ಎಂದಳು. ಅಜ್ಜಿ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಬಂಗಲೆ ಈಗ ಇಲ್ಲ. ಅಲ್ಲಿ ಗಾಜಿನ ಬಾಲ್ಕನಿಗಳ ಕಟ್ಟಡ ಎದ್ದಿದೆ. ನೇರಳೆ ಮರ ಇದ್ದ ಕಡೆ ಕಾರುಗಳು ನೆಲದೊಳಗೆ ಇಳಿಯುತ್ತವೆ. ಖಾಲಾ ಗಂಡನಿಗೆ ಗುಂತಕಲ್ಲಿಗೆ ವರ್ಗವಾಯಿತು. ಹೋಗುವ ದಿನ ಅಜ್ಜಿ ಅವರಿಗೆ ಉಡಿ ತುಂಬಿದಳು. ಒಂದೆರಡು ವರ್ಷ ಯಾರೋ ಗಾರ್ಡುಗಳ ಕೈಯಲ್ಲಿ ಕ್ಷೇಮ ಸಮಾಚಾರ ಬರುತ್ತಿತ್ತು, ಆಮೇಲೆ ನಿಂತಿತು. ಅವರು ಎಲ್ಲಿ, ಯಾವ ಮಣ್ಣಿನಲ್ಲಿ ಮಲಗಿದ್ದಾರೆಂದು ನನಗೆ ತಿಳಿಯದು. ಅಜ್ಜಿ ಹೋದಳು, ಅಪ್ಪ ಹೋದರು. ನನ್ನ ವೃತ್ತಿಯಲ್ಲಿ ಉಣ್ಣದೆ ಗೋಡೆಗೆ ಮುಖ ಮಾಡಿ ಮಲಗಿದ ಎಷ್ಟೋ ತಾಯಂದಿರನ್ನು ನೋಡಿದೆ. ಹೊತ್ತಿಗೆ ಸರಿಯಾಗಿ ಔಷಧಿ ಕೊಟ್ಟು, ಅದು ಮುಗಿದ ಮೇಲೆ ಸ್ಟೂಲು ಎಳೆದು ಸುಮ್ಮನೆ ಪಕ್ಕದಲ್ಲಿ ಕುಳಿತಿರುತ್ತಿದ್ದೆ. ಹಾಗೆ ಕುಳಿತುಕೊಳ್ಳುವುದನ್ನು ನನಗೆ ಯಾವ ತರಗತಿಯಲ್ಲೂ ಕಲಿಸಿರಲಿಲ್ಲ.

ಭಾಗ್ಯಶ್ರೀಯ ತಟ್ಟೆಯಲ್ಲಿ ಮೂರು ಬಣ್ಣವೂ ಒಂದಾಗಿ ಹರಿದಿತ್ತು. ಅವಳು ಅದನ್ನು ಗಮನಿಸಿರಲಿಲ್ಲ. "ಮುಂದ ನಿಮ್ಮ ಅವ್ವ ಆರಾಮಾದ್ರೇನ್ರಿ?" ಎಂದು ಕೇಳಿದಳು. ಆದಳು, ಮುಪ್ಪಿನವರೆಗೆ ಬದುಕಿದಳು ಎಂದೆ. ಅದು ಉತ್ತರವೇ, ಆದರೆ ಅವಳು ಉಳಿಯುತ್ತಾಳೆಂದು ತಿಳಿಯಲು ನಾನು ಅಷ್ಟು ಕಾಲ ಕಾಯಬೇಕಾಗಲಿಲ್ಲ. ಆ ಎರಡನೆಯ ಬಟ್ಟಲಿನ ದಿನವೇ, ಸಂಜೆ ಅವಳು ಮಾಡಿದ ಕೊನೆಯ ಕೆಲಸದಲ್ಲಿ ತಿಳಿಯಿತು.

ಹೊತ್ತು ಇಳಿಯುತ್ತಿತ್ತು. ನಾನು ಅಂಗಳದಲ್ಲಿ ಒಬ್ಬಳೇ ಕುಂಟಾಬಿಲ್ಲೆ ಆಡುತ್ತಿದ್ದೆ. ಕಿವಿಯ ಹತ್ತಿ ತೆಗೆದು, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಅಮ್ಮ ವರಾಂಡದ ಮೆಟ್ಟಿಲಿಗೆ ಬಂದು ಕುಳಿತಳು. "ಬಾರೇ ಇಲ್ಲಿ. ದೀಪ ಹಚ್ಚೋ ಮುಂಚೆ ತಲೆ ಬಾಚಿಬಿಡ್ತೀನಿ. ಏನಾಗಿದೆ ನೋಡು, ಹಕ್ಕಿಗೂಡು" ಎಂದಳು. ನಾನು ಅವಳ ಮೊಣಕಾಲುಗಳ ನಡುವೆ ಕುಳಿತೆ. ಅವಳ ಕೈಯಲ್ಲಿ ಬಲವಿರಲಿಲ್ಲ. ಸಿಕ್ಕು ಬಿಡಿಸುತ್ತ ನಡುನಡುವೆ ಬಾಚಣಿಗೆಯನ್ನು ನನ್ನ ನೆತ್ತಿಯ ಮೇಲೆ ಹಾಗೇ ಊರಿ ಸುಧಾರಿಸಿಕೊಳ್ಳುತ್ತಿದ್ದಳು. ಅವಳ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ನೋವಾದರೂ ನಾನು ಅಲುಗಲಿಲ್ಲ. ಎರಡು ಜಡೆ ಹೆಣೆದು, ತುದಿಗೆ ಟೇಪು ಕಟ್ಟಿ, ಒಂದು ಮೇಲಾಯಿತು ಒಂದು ಕೆಳಗಾಯಿತು ಎಂದು ತಾನೇ ಗೊಣಗಿ, ಕೆಳಗಿನದನ್ನು ಬಿಚ್ಚಿ ಮತ್ತೆ ಹೆಣೆದಳು. ಗಂಟು ಬಿಗಿದು, ಬೆನ್ನಿಗೊಂದು ಮೆಲ್ಲನೆ ಗುದ್ದಿ, "ಆಯ್ತು, ಏಳು" ಎಂದಳು.